ಕಣಜದ ಗೂಡು ಮತ್ತು ನಮ್ಮ ನಾದಿನಿ

ಹವ್ಯಾಸ ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎನ್ನುವವರು ಹುಳುಗಳ ಫೋಟೋ ತೆಗೆದವರಲ್ಲ. ಫೋನಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೋ ಲೆನ್ಸನ್ನು ಸೊಸೆ ಪವಿತ್ರಾ ತಂದುಕೊಟ್ಟ ದಿನದಿಂದ ನನಗೆ ಎದೆಬಡಿತವೇ ಜಾಸ್ತಿಯಾಗಿದೆ. ಇರುವೆ ಸಕ್ಕರೆ ಹೊತ್ತರೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಜೇಡ ಬಲೆ ನೇಯ್ದರೆ ಪಲ್ಯ ಸೀಯುತ್ತದೆ. "ನಮ್ಮನೇಲಿ ಹೊತ್ತಿಗೆ ಸರಿಯಾಗಿ ಊಟ ಸಿಗೋದು ಹುಳಗಳಿಗೆ ಮಾತ್ರ" ಎನ್ನುತ್ತಾರೆ ನಮ್ಮ ಯಜಮಾನರು.

ಈಚೆಗೆ ಕಣಜವೊಂದು ನಾವಿಬ್ಬರು ಮಲಗುವ ಕೋಣೆಯ ಗೋಡೆಗೆ ಮಣ್ಣಿನ ಗೂಡು ಕಟ್ಟತೊಡಗಿತು. ಕೆಂಗೇರಿ ಉಪನಗರದಲ್ಲಿ ಎದುರು ಸೈಟಿನಲ್ಲೂ ಮನೆ ಏಳುತ್ತಿದೆ, ಹಸಿ ಮಣ್ಣಿಗೇನು ಬರ? ಅದು ಹಸಿರು ಹುಳುವನ್ನು ಕುಟುಕಿ, ಮರಗಟ್ಟಿಸಿ, ಮರಿಯ ಊಟಕ್ಕೆಂದು ಗೂಡಿನೊಳಗೆ ತುರುಕುವ ಗಳಿಗೆ ಕಣ್ಣಿಗೆ ಬೀಳುವುದೇ ಅಪರೂಪ. ಕಾದು ಕಾದು ನನ್ನ ಮಂಡಿ ಹಿಡಿದುಕೊಂಡಿತ್ತು. ಅಷ್ಟರಲ್ಲಿ ಹಾವೇರಿಯಿಂದ ನಾದಿನಿ ಗಿರಿಜಾ ಬರುತ್ತಾಳೆಂಬ ಸುದ್ದಿ ಬಂತು. ಮನೆಯೊಳಗೆ ಕಣಜ ಗೂಡು ಕಟ್ಟಿದರೆ ಅಲ್ಲಿ ಯಾರೋ ಬಸುರಿ ಎಂಬುದು ಯಜಮಾನರ ಕಡೆಯವರ ನಂಬಿಕೆ. ಮದುವೆಯಾಗಿ ನಾಲ್ಕು ವರ್ಷವಾದ ಪವಿತ್ರಾಳನ್ನು ನೆಂಟರು ಆಗಲೇ ಕೇಳಿ ಕೇಳಿ ಹೈರಾಣ ಮಾಡಿದ್ದರು. "ಇನ್ಮೇಲೆ ಈ ಮನೇಲಿ ಆ ಮಾತು ಯಾರೂ ಎತ್ತಲ್ಲ, ನಾನಿದೀನಿ ಕಣೇ" ಎಂದು ನಾನೇ ಅವಳಿಗೆ ಮಾತು ಕೊಟ್ಟಿದ್ದೆ. ಆದರೂ ಗೂಡು ಕೆಡವಲು ಮನಸ್ಸು ಬರಲಿಲ್ಲ. ಅದರ ಮೇಲೊಂದು ಕ್ಯಾಲೆಂಡರ್ ನೇತುಹಾಕಿ ದೇವರ ಮೇಲೆ ಭಾರ ಹಾಕಿದೆ.

ಗಿರಿಜಾ ಬಂದವಳೇ ನೆಟ್ಟಗೆ ನಮ್ಮ ಮಂಚದ ಮೇಲೆ ಕುಳಿತಳು. ಪವಿತ್ರಾ ಕಾಫಿ ತಂದಳು. ಹಿಂದೆಯೇ ಕಿಟಕಿಯಿಂದ ಕಣಜವೂ ಬಂತು, ಕಾಲಲ್ಲಿ ಹಸಿರು ಹುಳು! ಕ್ಯಾಲೆಂಡರಿಗೆ ಢಿಕ್ಕಿ ಹೊಡೆದು ಗಿರಿಜಾಳ ತಲೆಯ ಸುತ್ತ ಹಾರತೊಡಗಿತು.

"ಅಯ್ಯಯ್ಯ, ಕಡಿತೈತಿ! ಓಡಸ್ರಿ ಅತ್ತಿಗಿ!"

"ಅಲ್ಲಾಡಬೇಡ ಗಿರಿಜಾ, ಹುಳ ಬಿದ್ದೋಗತ್ತೆ!" ಎಂದು ನಾನು ಕ್ಯಾಲೆಂಡರ್ ಕಿತ್ತೆಸೆದೆ. ಕೊಟ್ಟ ಮಾತು ನೆನಪಾಗುವಷ್ಟರಲ್ಲಿ ಫೋನು ಕ್ಲಿಕ್ಕೆನ್ನುತ್ತಿತ್ತು.

ಗಿರಿಜಾ ಗೂಡು ನೋಡಿದಳು. ಆಮೇಲೆ ಪವಿತ್ರಾಳ ಹೊಟ್ಟೆ ನೋಡಿದಳು. "ಏನವಾ, ಏನರ ವಿಶೇಷ ಐತೇನು?"

ನಾನು ಗಾಬರಿಯಲ್ಲಿ ಫೋನು ಕೆಳಗಿಳಿಸಿದೆ. ಪವಿತ್ರಾ ಮಾತ್ರ ಕಾಫಿ ಲೋಟವನ್ನು ಅವಳ ಕೈಗಿಟ್ಟು, "ಗೂಡಿರೋದು ಅಮ್ಮನ ರೂಮಲ್ಲಿ, ಗಿರಿಜಾ ಅತ್ತೆ. ಅವರನ್ನೇ ಕೇಳಿ" ಎಂದು ನನ್ನತ್ತ ಕೈ ತೋರಿದಳು.

ಫೋಟೋ ಒಂದೂ ನೆಟ್ಟಗೆ ಬಂದಿಲ್ಲ. ಪವಿತ್ರಾಳನ್ನು ಈಗ ಯಾರೂ ಏನೂ ಕೇಳುವುದಿಲ್ಲ. ಐವತ್ತಾರರ ನನಗೇ ಹಾವೇರಿಯಿಂದ ಫೋನು. "ಅತ್ತಿಗಿ, ಬಾಯಿಗೆ ರುಚಿ ಹತ್ತಾಕ ಮಾವಿನಕಾಯಿ ಕಳಸ್ಲೇನ್ರಿ?" ಎಂದು ಗಿರಿಜಾ ಕಿಸಕ್ಕೆಂದು ನಗುತ್ತಾಳೆ. ಚೆನ್ನಾಗಿ ಬೈಯೋಣವೆಂದು ಬಾಯಿ ತೆರೆದವಳು ತಡೆದುಕೊಂಡೆ. ಕಾಯಿಯ ಗೊರಟೆಯೊಳಗೆ ಹುಳು ಇದ್ದರೂ ಇರಬಹುದು.

ಕಳಿಸು ಎಂದೆ.