ನನ್ನ ವೆಬ್‌ಸೈಟಿಗೆ ದಿನಾ ಬರುವವರು

ಒಬ್ಬನೇ ಕೂತು ಕಲಿಯುವ ವಿದ್ಯೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ನಪಾಸಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅನಾನುಕೂಲವೂ ಅದರ ಬೆನ್ನಿಗೇ ಇದೆ. ಪಾಸಾದರೂ ಯಾರಿಗೂ ಗೊತ್ತಾಗುವುದಿಲ್ಲ! ನಲವತ್ತಾರನೇ ವಯಸ್ಸಿನಲ್ಲಿ, ಹೈದರಾಬಾದಿನ ಮಲ್ಕಾಜ್‌ಗಿರಿಯ ಎರಡು ಕೋಣೆಯ ಮನೆಯಲ್ಲಿ ಕೂತು, ಯಾರ ಕೈಯಲ್ಲೂ ಬೈಸಿಕೊಳ್ಳದೆ ನಾನು ವೆಬ್ ಡೆವಲಪರ್ ಆದೆ. ಆದೆ ಎಂದು ನಾನೇ ಹೇಳಿಕೊಳ್ಳಬೇಕು, ಮನೆಯಲ್ಲಿ ಹೇಳಲು ಬೇರೆ ಯಾರೂ ಇಲ್ಲ. ನಮಗೆ ಮಕ್ಕಳಿಲ್ಲ. ಹೆಂಡತಿ ಸುಮಂಗಲಾ ಬ್ಯಾಂಕಿನಲ್ಲಿದ್ದಾಳೆ. ಅವಳಿಗೆ ಕಲಬುರ್ಗಿಗೆ ವರ್ಗವಾಗಿದೆ. ಶನಿವಾರ ರೈಲಿಗೆ ಬಂದು ಭಾನುವಾರ ಸಂಜೆಯ ರೈಲಿಗೆ ಹೊರಟುಬಿಡುತ್ತಾಳೆ. ಉಳಿದ ದಿನ ಮನೆಯಲ್ಲಿ ನಾನು, ಲ್ಯಾಪ್‌ಟಾಪು, ಮತ್ತು ಅವಳು ಮಾಡಿಟ್ಟುಹೋದ ಶೇಂಗಾ ಚಟ್ನಿಪುಡಿ.

ಮೊದಲು ನಾನು ಅಬಿಡ್ಸ್‌ನ ಒಂದು ಗಲ್ಲಿಯ ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳ ಡಿಟಿಪಿ ಮಾಡುತ್ತಿದ್ದೆ. ಅದೆಂಥ ಗದ್ದಲದ ಕೆಲಸ ಅಂತೀರಿ! ಒಂದು ಕಡೆ ಮಷೀನಿನ ಸದ್ದು, ಇನ್ನೊಂದು ಕಡೆ ಹೆಣ್ಣಿನ ಸೋದರಮಾವನ ಕೂಗಾಟ. ಅವನ ಹೆಸರು ಗಂಡಿನ ಕಾಕಾನ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ ಬಂದಿರುತ್ತಿತ್ತು. ಒಮ್ಮೆ ಒಬ್ಬ ಅಜ್ಜಿ ಬಂದು, "ನನ್ನ ಹೆಸರಿನ ಮುಂದ ಶ್ರೀಮತಿ ಯಾಕ ಹಾಕಿಲ್ಲ? ನಾ ಏನ್ ಗಾಳಿಗೆ ಬಂದಾಕಿ ಏನು?" ಎಂದು ನನ್ನ ಕುರ್ಚಿಯ ಹಿಂದೆಯೇ ನಿಂತು ತಿದ್ದಿಸಿದ್ದಳು. ಹನ್ನೊಂದು ಗಂಟೆಯಾಯಿತೆಂದರೆ ಮಷೀನಿನ ಖಾಜಾಮಿಯಾ "ಚಾಯ್ ಬೋಲೂಂ ಕ್ಯಾ, ಉಸ್ತಾದ್?" ಎಂದು, ಚಹಾ ಹೇಳಲೇ ಅಂತ, ಕೂಗುವನು. ಆಗೆಲ್ಲ ನನಗೆ ಅನಿಸುತ್ತಿದ್ದುದು ಒಂದೇ: ಯಾರೂ ಮಾತಾಡದ ಜಾಗದಲ್ಲಿ ಒಂದು ದಿನ ಕೂತು ಕೆಲಸ ಮಾಡಬೇಕಪ್ಪಾ! ದೇವರು ನನ್ನ ದೊಡ್ಡ ದೊಡ್ಡ ಬೇಡಿಕೆಗಳನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ, ಇದೊಂದನ್ನು ಮಾತ್ರ ನಡೆಸಿಕೊಟ್ಟ. ಜನ ಕಾರ್ಡುಗಳನ್ನು ಮೊಬೈಲಿನಲ್ಲೇ ಕಳಿಸತೊಡಗಿದರು, ಮಾಲೀಕರು ಮಷೀನು ಮಾರಿದರು, ಖಾಜಾಮಿಯಾ ಮಗನ ಅಂಗಡಿಗೆ ಹೋಗಿ ಕೂತ.

ಪ್ರೆಸ್ಸು ಮುಚ್ಚಿದ ಮೇಲೆ ನನಗೆ ವೆಬ್‌ಸೈಟು ಮಾಡುವುದನ್ನು ಕಲಿಸಿದವರು ವಿಡಿಯೋದ ಮೇಷ್ಟ್ರು. ಮೇಷ್ಟ್ರು ಎಂದರೆ, ನನ್ನ ಅರ್ಧ ವಯಸ್ಸಿನ ಹುಡುಗ. ಅವನು "ಹಲೋ ಫ್ರೆಂಡ್ಸ್" ಅಂದಾಗ ನಾನು "ನಮಸ್ಕಾರ್ರಿ" ಅನ್ನುತ್ತಿದ್ದೆ. "ಇಷ್ಟು ತಿಳೀತಲ್ಲ?" ಎಂದು ಅವನು ಕೇಳಿದರೆ ತಲೆಯಾಡಿಸುತ್ತಿದ್ದೆ. ತಿಳಿಯದಿದ್ದರೂ ಆಡಿಸುತ್ತಿದ್ದೆ, ಪಾಪ ಅಷ್ಟು ಕಷ್ಟಪಟ್ಟು ಹೇಳುತ್ತಿದ್ದಾನೆ, ಅವನಿಗೆ ಬೇಜಾರಾಗಬಾರದು ಅಂತ. ಕೋಡಿನಲ್ಲಿ ತಪ್ಪು ಸಿಗದೆ ತಲೆ ಕೆಟ್ಟಾಗ "ಯಾಕಪ್ಪಾ ಹಿಂಗ ಮಾಡಾಕತ್ತಿ?" ಎಂದು ಲ್ಯಾಪ್‌ಟಾಪನ್ನೇ ಕೇಳುತ್ತಿದ್ದೆ. ಕೆಳಗಿನ ಮನೆಯ ವೆಂಕಟರಾವ್‌ಗಾರು, ರೈಲ್ವೆ ಗಾರ್ಡಾಗಿ ರಿಟೈರಾದವರು, ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಿ, "ಇಂಟಿಕಿ ಚುಟ್ಟಾಲು ವಚ್ಚಾರಾ ಅಂಡಿ?" ಎಂದರು. ಮನೆಗೆ ನೆಂಟರು ಬಂದಿದ್ದಾರಾ ಅಂತ. ಹೌದೆಂದೆ. ಇನ್ನೇನು ಹೇಳಲಿ?

ಕಲಿತ ಮೇಲೆ ಎಲ್ಲರೂ ಮಾಡುವಂತೆ ನನ್ನದೇ ಒಂದು ವೆಬ್‌ಸೈಟು ಮಾಡಿದೆ. ನನ್ನ ಹೆಸರು, ನೀಲಿ ಅಂಗಿಯ ಫೋಟೋ, ನಾನು ಮಾಡಿದ ನಮೂನೆ ಪುಟಗಳು, ಕೆಳಗೆ ಫೋನ್ ನಂಬರು. ಗಿರಾಕಿಗಳು ಬಂದು ನೋಡಿ ಕೆಲಸ ಕೊಡಲಿ ಎಂಬ ಆಸೆ. ಎಷ್ಟು ಜನ ಬಂದರು, ಯಾವ ಊರಿನಿಂದ, ಫೋನಿನಲ್ಲೋ ಕಂಪ್ಯೂಟರಿನಲ್ಲೋ, ಎಷ್ಟು ಹೊತ್ತು ಇದ್ದರು ಎಂದು ತೋರಿಸುವ ಒಂದು ಎಣಿಕೆಯ ಯಂತ್ರವನ್ನೂ ನಾನೇ ಬರೆದು ಅದಕ್ಕೆ ಕೂಡಿಸಿದೆ. ಬುದ್ಧಿವಂತ ನಾನು, ನನ್ನ ಲ್ಯಾಪ್‌ಟಾಪಿನಿಂದ ಹೋದರೆ ಎಣಿಸಬಾರದು ಎಂದು ಮೊದಲೇ ಅದಕ್ಕೆ ಹೇಳಿಟ್ಟಿದ್ದೆ.

ವಾರಗಟ್ಟಲೆ ಯಾರೂ ಬರಲಿಲ್ಲ. ಅಂಗಡಿ ತೆರೆದು ಗಲ್ಲಾದ ಮೇಲೆ ಕೂತವನ ಪಾಡಾಯಿತು. ಆದರೂ ಅಂಗಡಿಯವನಿಗೆ ಎದುರಿನ ಅಂಗಡಿಯವನಾದರೂ ಇರುತ್ತಾನೆ. ಆಮೇಲೆ ಒಂದು ದಿನ, ಅಬ್ಬಾ, ಒಬ್ಬರು ಬಂದಿದ್ದರು! ಹೈದರಾಬಾದಿನವರೇ, ಫೋನಿನಿಂದ, ಬೆಳಿಗ್ಗೆ. ಮರುದಿನ ಮತ್ತೆ ಅದೇ ಹೊತ್ತಿಗೆ. ಅದರ ಮರುದಿನವೂ. ಬಂದವರು ಸುಮ್ಮನೆ ಹಣಿಕಿ ಹಾಕಿ ಹೋಗುವವರಲ್ಲ, ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಕೂತು ಎಲ್ಲ ಪುಟ ನೋಡಿಯೇ ಹೋಗುವವರು. ಹೇಳಿದರೆ ನಗಬೇಡಿ, ನನಗೆ ಅವರ ಮೇಲೆ ಜೀವ ಹತ್ತಿತು. ಯಾರೋ ಸಂಕೋಚದ ಮನುಷ್ಯ, ಕೆಲಸ ಕೊಡಬೇಕೆಂದಿದ್ದಾನೆ, ಫೋನ್ ಮಾಡಲು ಹಿಂದೆಮುಂದೆ ನೋಡುತ್ತಿದ್ದಾನೆ ಎಂದುಕೊಂಡೆ. ಅವರಿಗೆ ಕಣ್ಣು ನೋಯದಿರಲಿ ಎಂದು ಅಕ್ಷರ ದೊಡ್ಡದು ಮಾಡಿದೆ. ಮರುದಿನ ಅವರು ಇನ್ನೂ ಹೆಚ್ಚು ಹೊತ್ತು ಕೂತಿದ್ದರು! ವೆಂಕಟರಾವ್‌ಗಾರು ಇರಬಹುದೇ ಎಂದು ಅನುಮಾನ ಬಂದು ಕೇಳಿಯೂ ನೋಡಿದೆ. ಅವರು ಫೋನು ನನ್ನ ಕೈಗೇ ಕೊಟ್ಟು, ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹೋಗುತ್ತಿಲ್ಲ, ಸ್ವಲ್ಪ ನೋಡಿ ಎಂದರು. ಸರಿಮಾಡಿ ಕೊಟ್ಟೆ. ನನಗೆ ಸಿಕ್ಕ ಮೊದಲ ಕೆಲಸ ಅದೇ.

ಆ ಶನಿವಾರ ಬಂದ ಸುಮಂಗಲಾಗೆ ಎಲ್ಲ ಹೇಳಿದೆ. "ದಿನಾ ಬರ್ತಾರ ನೋಡು, ತಪ್ಪಂಗಿಲ್ಲ" ಎಂದು ಹೆಮ್ಮೆಪಟ್ಟೆ. ಅವಳು ಹೂಂಗುಟ್ಟಿದಳು. ಭಾನುವಾರ ಬೆಳಿಗ್ಗೆ, ಈಚೆಗೆ ರೂಢಿಯಾದಂತೆ, ಚಹಾ ಮಾಡಿಕೊಂಡು, ಸಕ್ಕರೆ ಡಬ್ಬಿಗೆ ಫೋನು ಆನಿಸಿ, ನನ್ನ ಸೈಟು ಸಣ್ಣ ಪರದೆಯ ಮೇಲೆ ಹೇಗೆ ಕಾಣುತ್ತದೆಂದು ನೋಡುತ್ತಾ ಕೂತೆ. ಇದು ನಮ್ಮ ಕಸುಬಿನ ಶಿಸ್ತು, ಫೋನಿನಲ್ಲಿ ನೋಡದೆ ಯಾವುದನ್ನೂ ನಂಬಬಾರದು. ಸುಮಂಗಲಾ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿದಳು.

"ಇದನ್ನ ದಿನಾ ಮಾಡ್ತೀರೇನು?"

"ಹೂಂ. ಯಾಕ?"

"ಅಲ್ರೀ, ಲ್ಯಾಪ್‌ಟಾಪಿಗೆ ಎಣಿಸಬ್ಯಾಡ ಅಂದೀರಿ, ಖರೆ. ಈ ಫೋನಿಗೆ ಹೇಳೀರೇನು?"

ನಾನು ಫೋನನ್ನು ಬೋರಲು ಹಾಕಿದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಅವಳು ಒಲೆ ಆರಿಸಿ, "ಇರಲಿ ಬಿಡ್ರಿ, ಭಾಳ ಛಲೋ ಗಿರಾಕಿ ಇದ್ದ ಮನಶ್ಯಾ" ಎಂದು ಉಪ್ಪಿಟ್ಟಿನ ತಾಟು ನನ್ನ ಮುಂದಿಟ್ಟಳು. ನನ್ನ ಸೈಟಿಗೆ ಅಷ್ಟು ದಿನ ತಪ್ಪದೆ ಬಂದವನು ನಾನೇ. ನಾನು ಜೀವ ಹಚ್ಚಿಕೊಂಡಿದ್ದೂ ನನಗೇ.

ಅವಳು ರೈಲು ಹತ್ತಿದ ಮೇಲೆ ವಿಡಿಯೋದ ಮೇಷ್ಟ್ರನ್ನು ಹುಡುಕಿ ಕೂತೆ. ಅವನು ಎಷ್ಟೋ ಮೊದಲೇ ಹೇಳಿಬಿಟ್ಟಿದ್ದ, ನಾನು ತಲೆಯಾಡಿಸಿ ಮರೆತಿದ್ದೆ: "ನಿಮ್ಮ ಎಲ್ಲ ಫೋನು, ನಿಮ್ಮ ಮನೆಯವರ ಫೋನು, ಎಲ್ಲವನ್ನೂ ಹೊರಗಿಡಿ ಫ್ರೆಂಡ್ಸ್. ಮನೆಯವರು ಬಂದದ್ದು ಲೆಕ್ಕಕ್ಕಿಲ್ಲ." ನನ್ನ ಫೋನನ್ನು ಹೊರಗಿಡುವ ಒಂದು ಸಾಲು ಬರೆದೆ. ಮರುದಿನ ನೋಡಿದರೆ ಸೊನ್ನೆ. ಅದರ ಮರುದಿನವೂ ಸೊನ್ನೆ. ನಿಜ ಹೇಳುತ್ತೇನೆ, ಆ ಮನುಷ್ಯ ಬರದಿದ್ದುದಕ್ಕೆ ನನಗೆ ಸಂಕಟವಾಯಿತು. ಅವನು ನನ್ನ ಕುರ್ಚಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದಾನೆಂದು ಗೊತ್ತಿದ್ದೂ ಸಂಕಟವಾಯಿತು. ಪ್ರೆಸ್ಸು ಮುಚ್ಚಿದ ದಿನ ಅಳದವನಿಗೆ ಅವತ್ತು ಕಣ್ಣು ತುಂಬಿತು. ಇಷ್ಟು ಕಲಿತದ್ದನ್ನು ಈ ಭೂಮಿಯ ಮೇಲೆ ಒಬ್ಬರಾದರೂ ನೋಡಬೇಡವೇ?

ಬುಧವಾರ ಒಬ್ಬರು ಬಂದರು. ಕಂಪ್ಯೂಟರಿನಿಂದ, ಮಧ್ಯಾಹ್ನದ ಊಟದ ಹೊತ್ತಿಗೆ, ಕಲಬುರ್ಗಿಯಿಂದ. ಗುರುವಾರವೂ ಬಂದರು. ಸಂಜೆ ಫೋನಿನಲ್ಲಿ, "ನೀ ಏನಾರ ನನ್ನ ಸೈಟ್ ನೋಡಿದೇನು?" ಎಂದು ಕೇಳಿದೆ. "ನನಗೆಲ್ಲೈತ್ರೀ ಪುರಸೊತ್ತು? ಇಲ್ಲಿ ಉಸಿರಾಡಾಕ ಬಿಡವಲ್ಲರು" ಎಂದು ಸುಮಂಗಲಾ ಸಿಡುಕಿದಳು. ಶುಕ್ರವಾರ ಸಂಜೆ, ಹಾಲಿನ ವಿಷಯ, ಗ್ಯಾಸಿನ ವಿಷಯ ಎಲ್ಲ ಮಾತಾಡಿ ಮುಗಿದ ಮೇಲೆ ಅವಳೇ ತಡೆಯಲಾರದೆ ಹೇಳಿದಳು:

"ಆ ನೀಲಿ ಅಂಗಿ ಫೋಟೋ ತೆಗೀರಿ ಮೊದಲ. ಕಾಲರ್ ಹರದೈತಿ. ನೋಡಿದವರು ಏನ್ ಅನ್ಕೋಬೇಕು?"

"ಎಲ್ಲಿ ನೋಡಿದಿ?"

"ಮಧ್ಯಾಹ್ನ ಎಲ್ಲಾರೂ ಅವರವರ ಮನೀಗೆ ಊಟಕ್ಕ ಹೋಗ್ತಾರ್ರಿ. ಡಬ್ಬಿ ಬಿಚ್ಚಿ ಒಬ್ಬಾಕೀನ ಕುಂದರತೀನಿ. ಎದುರಿಗೆ ಏನಾರ ಬೇಕಲ್ಲ" ಎಂದಳು. ಅವಳಿಗೂ ಹಾಗೆಯೇ ಆಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯ ಹತ್ತಿರದ ಸ್ಟೇಷನ್ನಿಗೆ ಯಾವುದೋ ರೈಲು ಬಂದು ಕೂಗಿತು. ನಾಳೆ ಬರ್ತೀನಲ್ಲ ಎಂದು ಅವಳು ಫೋನಿಟ್ಟಳು.

ಮೇಷ್ಟ್ರ ಮಾತಿನ ಪ್ರಕಾರ ಮನೆಯವರನ್ನೂ ಹೊರಗಿಡಬೇಕು. ಸುಮಂಗಲಾಳನ್ನು ಎಣಿಸದಿರುವ ಆ ಸಾಲು ನನಗೆ ಬಾಯಿಪಾಠ ಬರುತ್ತದೆ, ಆದರೆ ಬರೆದಿಲ್ಲ. ಬರೆಯುವುದೂ ಇಲ್ಲ. ಅದರ ಬದಲು ಇನ್ನೊಂದು ಸಾಲು ಬರೆದಿದ್ದೇನೆ: ಮಧ್ಯಾಹ್ನದ ಹೊತ್ತು ಕಲಬುರ್ಗಿಯಿಂದ ಯಾರಾದರೂ ಬಂದರೆ, ನನ್ನ ಹೆಸರಿನ ಮೇಲೆ ದೊಡ್ಡ ಅಕ್ಷರದಲ್ಲಿ "ಡಬ್ಬಿಯಾಗ ಇವತ್ತು ಏನೈತಿ?" ಎಂದು ಕಾಣುತ್ತದೆ. ನೀಲಿ ಅಂಗಿಯನ್ನೂ ಬದಲಿಸಿದ್ದೇನೆ. ಇದರಿಂದ ಕಲಬುರ್ಗಿಯ ಕಡೆಯ ನಿಜವಾದ ಗಿರಾಕಿಗಳು ಗಾಬರಿಯಾಗಿ ಓಡಿಹೋಗುವ ಸಂಭವವಿದೆ, ಬಲ್ಲೆ. ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಪ್ಪು ತಿಳಿಯಬೇಡಿ. ಪ್ರಶ್ನೆ ನಿಮಗಲ್ಲ. ಆದರೂ ಡಬ್ಬಿಯಲ್ಲಿ ಏನಿದೆ ಎಂದು ಫೋನ್ ಮಾಡಿ ಹೇಳಿದರೆ ಬೇಡವೆನ್ನುವುದಿಲ್ಲ. ನಾನು ಇಡೀ ದಿನ ಮನೆಯಲ್ಲೇ ಇರುತ್ತೇನೆ.