ನನ್ನ ಹಳದಿ ಕೈಗಳ ವೀಳ್ಯಶಾಸ್ತ್ರ

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಆರೋಗ್ಯವಾಗಿರುವ ಮನುಷ್ಯ ಇನ್ನಷ್ಟು ಆರೋಗ್ಯವಂತನಾಗಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ದಟ್ಟಗಳ್ಳಿಯ ಪಾರ್ಕಿನಲ್ಲಿ ಆಹಾರತಜ್ಞೆಯೊಬ್ಬರ ಉಪನ್ಯಾಸವಿತ್ತು. "ಆ್ಯಂಟಿಆಕ್ಸಿಡೆಂಟ್ ಅಂದರೆ ದೇಹ ತುಕ್ಕು ಹಿಡಿಯದಂತೆ ಕಾಯುವ ವಸ್ತು. ಅದನ್ನು ಮಾತ್ರೆಗಳಲ್ಲಿ ಹುಡುಕಬೇಡಿ. ನಿಮ್ಮ ದೇಹವೇ ಅದನ್ನು ತಯಾರಿಸುತ್ತದೆ, ನೀವು ಸ್ವಲ್ಪ ನೆರವಾದರೆ ಸಾಕು" ಎಂದರು. ನನಗೆ ಮೈ ಜುಮ್ಮೆಂದಿತು. ಹೂಟಗಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಇಡೀ ಸರ್ವಿಸ್ ಕಳೆದು ನಿವೃತ್ತನಾದವನು ನಾನು. ತಯಾರಿಕೆ ಎಂದರೆ ಕಚ್ಚಾ ಮಾಲು, ಕಚ್ಚಾ ಮಾಲು ಎಂದರೆ ನಾನು! ನನ್ನ ಕಾಲದಲ್ಲಿ ಮಾಲಿಲ್ಲವೆಂದು ಒಂದು ಮೆಷಿನ್ನೂ ನಿಂತದ್ದಿಲ್ಲ. ಆಕೆ ಕ್ಯಾರೆಟ್ಟಿನ ಚಿತ್ರ ತೋರಿಸಿದ ಕೂಡಲೇ ವಿಷಯ ಪೂರ್ತಿ ಅರ್ಥವಾಯಿತೆಂದು ಎದ್ದು, ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಹೋದೆ.

ಅಂದಿನಿಂದ ಸರಬರಾಜು ಶುರುವಾಯಿತು. ಎದ್ದ ಕೂಡಲೇ ಕ್ಯಾರೆಟ್ ರಸ, ತಿಂಡಿಗೆ ಕ್ಯಾರೆಟ್ ಉಪ್ಪಿಟ್ಟು, ಊಟಕ್ಕೆ ಸಿಹಿಗುಂಬಳದ ಪಲ್ಯ, ಸಂಜೆಗೆ ಪರಂಗಿ ಹಣ್ಣು. ಇಷ್ಟೆಲ್ಲ ತಿಂದ ಮೇಲೆ ನಡೆಯುವ ಅಗತ್ಯವೇನು ಎಂದು ವಾಕಿಂಗ್ ನಿಲ್ಲಿಸಿದೆ.

"ಅವ್ರೇನು ಬರೀ ಇದ್ನೇ ತಿನ್ನಿ ಅಂದ್ರಾ? ಸೊಪ್ಪಿನ ಸಾರು ಮಾಡಿದೀನಿ, ಒಂಚೂರು ಹಾಕ್ಕೊಳ್ಳಿ" ಎಂದಳು ಹೆಂಡತಿ ಜಯ.

"ನನಗೆ ಬೇಕಾಗಿರೋದು ಬಣ್ಣದ ಮಾಲು ಕಣೇ."

"ಹಸಿರು ಬಣ್ಣ ಅಲ್ವೇನ್ರೀ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂತರೆ ಸರಬರಾಜು ನಿಲ್ಲುತ್ತದೆ. ನಾನು ಇನ್ನೊಂದು ಲೋಟ ರಸ ಕುಡಿದೆ.

ಈ ನಡುವೆ ಮಗಳು ಸಿಂಧುವಿನ ವೀಳ್ಯಶಾಸ್ತ್ರ ಒಂದು ಭಾನುವಾರಕ್ಕೆ ನಿಗದಿಯಾಗಿತ್ತು. ಹುಡುಗ ಪ್ರಮೋದ್, ಚಾಮರಾಜಪುರಂನವನು. ಅವರಿಬ್ಬರೇ ಮೆಚ್ಚಿಕೊಂಡದ್ದು. ಎರಡೂ ಕಡೆಯ ಹಿರಿಯರನ್ನು ಒಪ್ಪಿಸುವಷ್ಟರಲ್ಲಿ ಮಗಳಿಗೆ ಸಾಕುಸಾಕಾಗಿತ್ತು. ಇನ್ನು ಎಲೆಯಡಿಕೆ ತಟ್ಟೆ ಬದಲಾಯಿಸಿಕೊಂಡರೆ ಸಂಬಂಧ ಗಟ್ಟಿ. ಆ ತಟ್ಟೆ ಕೊಡಬೇಕಾದವನು ನಾನು. ಎಲ್ಲರ ಕಣ್ಣೂ ನನ್ನ ಕೈ ಮೇಲೆಯೇ.

ಆ ಕೈ ಹಳದಿಯಾಗತೊಡಗಿತು.

ಸೋಪು ಹಾಕಿ ಉಜ್ಜಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಿತ್ತಾಳೆ ಚೊಂಬಾಗಿದ್ದರೆ ಹೊಳೆಯುತ್ತಿತ್ತು, ಕೈ ಹಾಗೇ ಇತ್ತು. ಪಕ್ಕದ ಮನೆಯ ಪುಟ್ಟಸ್ವಾಮಿ ಗೇಟಿನ ಹತ್ತಿರ ನನ್ನ ಅಂಗೈ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಇದು ಕಾಮಾಲೆ ಕಣ್ರೀ. ನಮ್ಮ ಬಾಮೈದಂಗೂ ಇಂಗೇ ಸುರುವಾಗಿದ್ದು."

"ಆಮೇಲೆ?"

"ಬುಡಿ, ಅದೆಲ್ಲ ಈಗ್ಯಾಕೆ" ಎಂದು ಒಳಗೆ ಹೋಗಿಬಿಟ್ಟರು.

ಜಯ ಆಗಲೇ ಡಾಕ್ಟರ ಹತ್ತಿರ ಹೋಗೋಣವೆಂದಳು. ನಾನು ಒಪ್ಪಲಿಲ್ಲ. ಅವರು ಕಾಮಾಲೆ ಎಂದುಬಿಟ್ಟರೆ ಶಾಸ್ತ್ರ ಮುಂದಕ್ಕೆ ಹೋಗುತ್ತದೆ. ಒಮ್ಮೆ ಮುಂದಕ್ಕೆ ಹೋದರೆ ಶಕುನ ಸರಿಯಿಲ್ಲ ಎನ್ನುವವರು ಎರಡೂ ಮನೆಗಳಲ್ಲಿ ಕಾದು ಕೂತಿದ್ದರು. ಭಾನುವಾರ ವೀಳ್ಯ ಮುಗಿಯಲಿ, ಸೋಮವಾರ ಹೋಗೋಣ ಎಂದೆ. ಹೊರಗೆ ಹಾಗೆಂದರೂ ಒಳಗೆ ಬಹಳ ಹೆದರಿದ್ದೆ. ಮಗಳ ಮದುವೆ ನೋಡಲು ನಾನು ಇರುತ್ತೇನೋ ಇಲ್ಲವೋ ಅನ್ನಿಸಿ ಕಣ್ಣು ಒದ್ದೆಯಾಗುತ್ತಿತ್ತು. ಹಾಗೆಂದು ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಲಿವರಿಗೆ ಕಷ್ಟ ಬಂದಿದೆ ಎಂದರೆ ಅದಕ್ಕೆ ಹೆಚ್ಚಿನ ಮಾಲು ಬೇಕು ಎಂದು ತೀರ್ಮಾನಿಸಿ ಕ್ಯಾರೆಟ್ಟನ್ನು ದುಪ್ಪಟ್ಟು ಮಾಡಿದೆ. ನಿಂಬೆಹಣ್ಣಿನ ಬಣ್ಣದಲ್ಲಿದ್ದ ಕೈ ಚೆಂಡುಹೂವಿನ ಬಣ್ಣಕ್ಕೆ ಬಡ್ತಿ ಪಡೆಯಿತು!

ಭಾನುವಾರ ಬಂತು. ಹಳದಿಯನ್ನು ಮುಚ್ಚಲು ಹಳದಿಯೇ ಸರಿ ಎಂದು ಎರಡೂ ಕೈಗೆ ಅರಿಶಿನ ಬಳಿದುಕೊಂಡೆ. ಯಾರಾದರೂ ಕೇಳಿದರೆ, ಪೂಜೆಗೆ ಅರಿಶಿನದ ಗಣಪನನ್ನು ಮಾಡಿದ್ದು ನಾನೇ ಎನ್ನುವುದು. ಉಪಾಯ ಫಲಿಸಿತು. ತಟ್ಟೆ ಕೊಟ್ಟೆ, ತಟ್ಟೆ ತೆಗೆದುಕೊಂಡೆ. ಬೀಗರು ನನ್ನ ದೈವಭಕ್ತಿಯನ್ನು ಮೆಚ್ಚಿಕೊಂಡರು ಕೂಡ. ಗೆದ್ದೆ ಎಂದುಕೊಂಡೆ. ಆದರೆ ಒಂದು ಸಂಗತಿಯನ್ನು ಯೋಚಿಸಿರಲಿಲ್ಲ. ಊಟಕ್ಕೆ ಕೂರುವ ಮುಂಚೆ ಮನುಷ್ಯ ಕೈ ತೊಳೆಯುತ್ತಾನೆ.

ನಲ್ಲಿಯ ಹತ್ತಿರ ನನ್ನ ಹಿಂದೆಯೇ ನಿಂತಿದ್ದವರು ಪ್ರಮೋದನ ತಾಯಿ ಸುನಂದಮ್ಮ. ಅರಿಶಿನವೆಲ್ಲ ನೀರಿನಲ್ಲಿ ಹರಿದುಹೋಯಿತು. ಕೈ ಮಾತ್ರ ಹಾಗೇ ಇತ್ತು.

"ಬೀಗ್ರೇ, ಇನ್ನೊಂದ್ಸಲ ಸೋಪ್ ಹಾಕಿ" ಎಂದರು.

ಹಾಕಿದೆ. ಬಣ್ಣ ಒಂಚೂರೂ ಕದಲಲಿಲ್ಲ. ಸಿಂಧು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ತಪ್ಪು ತಿಳ್ಕೋಬೇಡಿ ಅಮ್ಮಾ. ನನಗೆ ಕಾಮಾಲೆ ಆಗಿದೆ. ನನ್ನ ಮಗಳು ಆರೋಗ್ಯವಾಗಿದ್ದಾಳೆ, ಅವಳಿಗೇನೂ ಇಲ್ಲ."

ಸುನಂದಮ್ಮ ನನ್ನನ್ನು ಕಿಟಕಿಯ ಬೆಳಕಿಗೆ ಕರೆದು ಕಣ್ಣು ದಿಟ್ಟಿಸಿದರು. "ಕಣ್ಣು ಬೆಳ್ಳಗೇ ಇದೆಯಲ್ರೀ. ದಿನಾ ಏನು ತಿಂತೀರಾ?"

"ಕ್ಯಾರೆಟ್ಟು" ಎಂದಳು ಜಯ, ನಾನು ಬಾಯಿ ತೆರೆಯುವ ಮುಂಚೆ. "ಮೂರು ಹೊತ್ತೂ ಕ್ಯಾರೆಟ್ಟು."

ಸುನಂದಮ್ಮ ಕಿಟಕಿಯ ಸರಳು ಹಿಡಿದುಕೊಂಡು ನಕ್ಕರು. "ನಮ್ಮ ಪ್ರಮೋದ ಕೂಸಾಗಿದ್ದಾಗ ಒಳ್ಳೇದು ಅಂತ ಬರೀ ಕ್ಯಾರೆಟ್ಟೇ ಬೇಯ್ಸಿ ಬೇಯ್ಸಿ ತಿನ್ಸಿದ್ದೆ. ಮಗು ಹಿಂಗೇ ಹಳದಿ ಆಗ್ಬುಡ್ತು. ಅಳ್ತಾ ಆಸ್ಪತ್ರೆಗೆ ಎತ್ಕೊಂಡು ಓಡಿದ್ರೆ, ಕಾಮಾಲೆ ಆದ್ರೆ ಕಣ್ಣೂ ಹಳದಿ ಆಗುತ್ತೆ ಕಣಮ್ಮ ಅಂತ ಡಾಕ್ಟ್ರು ನಂಗೇ ಬೈದು ಕಳಿಸಿದ್ರು. ನೀವೂ ಒಂದ್ಸಲ ತೋರಿಸ್ಕೊಂಡು ಬನ್ನಿ. ಈಗ ಬನ್ನಿ, ಎಲೆ ಹಾಕಿದಾರೆ."

ವರ ಮಹಾಶಯ ನಾಚಿಕೆಯಿಂದ ಗೋಡೆ ಕಡೆ ತಿರುಗಿದ. ಸಿಂಧು ನಗುತ್ತ ಕಣ್ಣು ಒರೆಸಿಕೊಂಡಳು. ಅಂದು ತಿಂದ ಒಬ್ಬಟ್ಟಿನಷ್ಟು ರುಚಿಯಾದ ಒಬ್ಬಟ್ಟನ್ನು ನಾನು ಜೀವಮಾನದಲ್ಲಿ ತಿಂದಿಲ್ಲ. ಎದೆಯ ಮೇಲಿದ್ದ ಬಂಡೆ ಇಳಿದಿತ್ತು.

ಸೋಮವಾರ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನಕ್ಕರು. ನನ್ನ ಕಾರ್ಖಾನೆಯ ಸಿದ್ಧಾಂತವನ್ನು ಗಂಭೀರವಾಗಿ ಕೇಳಿ, "ಕಾರ್ಖಾನೆ ಚೆನ್ನಾಗೇ ನಡೀತಿದೆ ಸಾರ್. ಗೋಡೌನ್ ತುಂಬಿ ಗೋಡೆಗೆ ಬಣ್ಣ ಹತ್ತಿದೆ, ಅಷ್ಟೇ. ಕ್ಯಾರೆಟ್ ಕಮ್ಮಿ ಮಾಡಿ, ತಾನಾಗೇ ಹೋಗುತ್ತೆ. ಚೆನ್ನಾಗಿ ನಿದ್ದೆ ಮಾಡಿ, ದಿನಾ ವಾಕಿಂಗ್ ಹೋಗಿ. ಸೊಪ್ಪು, ಕಾಳು, ಈರುಳ್ಳಿ, ಬೆಳ್ಳುಳ್ಳಿ ಎಲ್ಲಾ ತಿನ್ನಿ, ಹಿತಮಿತವಾಗಿ. ಇದನ್ನೆಲ್ಲ ಆ ಉಪನ್ಯಾಸದಲ್ಲಿ ಹೇಳಲಿಲ್ವಾ?" ಎಂದರು.

"ಹೇಳಿದ್ರಂತೆ" ಎಂದಳು ಜಯ. "ಇವ್ರು ಕಾಫಿಗೆ ಹೋಗಿದ್ರು."

ಮದುವೆಯ ಹೊತ್ತಿಗೆ ಕೈ ತನ್ನ ಹಳೆಯ ಕಪ್ಪು ಬಣ್ಣಕ್ಕೆ ಮರಳಿತ್ತು. ಬೀಗರು ತಂದ ಹಣ್ಣಿನ ತಟ್ಟೆಗಳಲ್ಲಿ ಒಂದನ್ನು ಸುನಂದಮ್ಮ ನನ್ನ ಕೈಗೇ ಕೊಟ್ಟರು. ಮುಚ್ಚಿದ್ದ ಬಟ್ಟೆ ಸರಿಸಿದರೆ ತೊಳೆದು ಜೋಡಿಸಿದ ಕ್ಯಾರೆಟ್! ಮನೆಗೆ ಬಂದು ಜಯ ಅದರಲ್ಲಿ ಹಲ್ವ ಮಾಡಿ ಬೀದಿಗೆಲ್ಲ ಹಂಚಿದಳು, ಪುಟ್ಟಸ್ವಾಮಿಯವರಿಗೆ ಎರಡು ಬಟ್ಟಲು. ನನ್ನ ಮುಂದೆ ಮಾತ್ರ ಮುದ್ದೆ, ಸೊಪ್ಪಿನ ಸಾರು ಬಂತು. ಕಚ್ಚಾ ಮಾಲಿನ ಉಸ್ತುವಾರಿಯಿಂದ ನಾನು ಹೀಗೆ ಎರಡನೇ ಸಲ ನಿವೃತ್ತನಾದೆ, ಈ ಸಲ ಯಾರೂ ಹಾರ ಹಾಕಲಿಲ್ಲ.