ನಾರ್ಮನ್ ಬಾಯಲ್ಲಿ ಬಂದ ಹ್ಯಾಮ್

ಹಿತ್ತಿಲ ಬಾಗಿಲು ತೆರೆದಾಗ ನಾರ್ಮನ್ ಹೊಸ್ತಿಲಲ್ಲಿ ನಿಂತಿದ್ದ. ಅವನ ಬಾಯಲ್ಲಿ ಹ್ಯಾಮ್ ಇತ್ತು. ಚೂರಲ್ಲ, ಹೋಳಲ್ಲ, ಉಪ್ಪು ಹಾಕಿ ಬೇಯಿಸಿದ, ಮೂಳೆಸಮೇತದ ಇಡೀ ಹಂದಿ ತೊಡೆ. ಇಡೀ ಎಂದರೆ, ಸ್ವಲ್ಪ ಹೊತ್ತಿನ ಹಿಂದೆ ಇಡಿಯಾಗಿದ್ದಿರಬೇಕು. ಈಗ ಅದರ ಒಂದು ಪಕ್ಕ ಇಲಿ ಕೊರೆದ ಸಾಬೂನಿನಂತೆ ಕಾಣುತ್ತಿತ್ತು.

"ನಾರ್ಮನ್, ಇದನ್ನೆಲ್ಲಿಂದ ತಂದ್ಯೋ?" ಎಂದು ಕ್ಲಿಫರ್ಡ್ ಹೋಲ್ಡನ್ ಪಿಸುಗುಟ್ಟಿದ. ಗೋಡೆಯಾಚೆ ಯಾರಿಗಾದರೂ ಕೇಳಿಸೀತು ಎಂಬ ಭಯ.

ನಾರ್ಮನ್ ಹ್ಯಾಮನ್ನು ಅವನ ಚಪ್ಪಲಿಯ ಮೇಲಿಟ್ಟು, ಒಳಗೆ ಹೋಗಿ, ಸೋಫಾದ ಮೇಲೆ ಅಂಗಾತ ಬಿದ್ದುಕೊಂಡು ನಾಲ್ಕೂ ಕಾಲನ್ನು ಮೇಲೆತ್ತಿದ. ಅವನು ಗ್ರೇಹೌಂಡ್, ಓಟದ ನಾಯಿ. ಬಟ್ಟೆಯ ಮೊಲದ ಹಿಂದೆ ವರ್ಷಗಟ್ಟಲೆ ಓಡಿ, ಒಮ್ಮೆಯೂ ಗೆಲ್ಲದೆ ನಿವೃತ್ತನಾದವನು. ಈಗ ಹಗಲೂ ರಾತ್ರಿ ಮಲಗಿ ಆ ದಣಿವನ್ನು ತೀರಿಸಿಕೊಳ್ಳುತ್ತಿದ್ದ.

ಕ್ಲಿಫರ್ಡ್ ಶಾಲೆಯೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದವನು, ಮದುವೆಯಾಗಿರಲಿಲ್ಲ. ಮಕ್ಕಳು ಕಿಟಕಿಯ ಗಾಜು ಒಡೆದರೆ ತಾನೇ ಒಡೆದವನಂತೆ ಕಿವಿಯವರೆಗೆ ಕೆಂಪಾಗುತ್ತಿದ್ದ ಸಂಕೋಚದ ಮನುಷ್ಯ. ಅಂಥವನ ಮನೆಗೆ ನಾರ್ಮನ್ ಬಂದ ಮೊದಲ ಸಂಜೆಯೇ ಹತ್ತಿರ ಬಂದು, ತನ್ನ ಮೈಭಾರವನ್ನೆಲ್ಲ ಅವನ ಕಾಲಿಗೆ ಒರಗಿಸಿ ಕಣ್ಣು ಮುಚ್ಚಿದ್ದ. ಅಷ್ಟು ವರ್ಷಗಳಲ್ಲಿ ಕ್ಲಿಫರ್ಡನನ್ನು ನಂಬಿ ಯಾರೂ ಹಾಗೆ ಒರಗಿರಲಿಲ್ಲ. ಅವನು ಕಾಲು ಜೋಮು ಹಿಡಿದರೂ ಅಲುಗಾಡದೆ ನಿಂತಿದ್ದ.

ಆದರೆ ನಾರ್ಮನ್ ಇನ್ನೂ ಪೂರ್ತಿ ಅವನವನಾಗಿರಲಿಲ್ಲ. ಓಟ ಬಿಟ್ಟ ನಾಯಿಗಳಿಗೆ ಮನೆ ಹುಡುಕಿಕೊಡುವ ಆಶ್ರಮದ ಮಿಸ್ ಪಿಲಿಂಗ್ ಅವನನ್ನು ಪರೀಕ್ಷೆಯ ಮೇಲೆ ಕೊಟ್ಟಿದ್ದಳು. ಹೋದ ಸಲ ಬಂದು ತೂಗಿ ನೋಡಿ ಹುಬ್ಬು ಗಂಟಿಕ್ಕಿದ್ದಳು. "ಓಟದ ನಾಯಿ ಮಿಸ್ಟರ್ ಹೋಲ್ಡನ್, ಹಸು ಅಲ್ಲ. ಇನ್ನೂ ದಪ್ಪ ಆದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ. ಕದಿಯೋ ಚಾಳಿ ಶುರುವಾದ್ರೂ ಅಷ್ಟೇ. ಮತ್ತೆ, ಮನೇಲಿ ಬೆಕ್ಕು ಇರಕೂಡದು. ಬೆಕ್ಕು ಕಂಡ್ರೆ ಇವನಿಗೆ ಆ ಬಟ್ಟೆ ಮೊಲ ನೆನಪಾಗುತ್ತೆ."

ಕ್ಲಿಫರ್ಡನಿಗೆ ಅರ್ಥವಾಗದ್ದು ಈ ದಪ್ಪದ ಮಾತು. ಅವಳು ಹೇಳಿದ ಅಳತೆ ಬಿಟ್ಟು ಒಂದು ಕಾಳು ಹೆಚ್ಚು ಹಾಕಿದವನಲ್ಲ ಅವನು. ನಮ್ಮ ಅಲ್ಮಾ ಬೀದಿಯ ಅಭಿಪ್ರಾಯವೇ ಬೇರೆ. ನಾರ್ಮನ್ ಬೀದಿಗಿಳಿದರೆ ಪಕ್ಕೆಲುಬುಗಳು ಕಾಣುತ್ತಿದ್ದವು. ಆ ಜಾತಿಯ ನಾಯಿಗೆ ಅವು ಕಾಣಲೇಬೇಕು ಎಂದರೆ ಯಾರೂ ನಂಬುತ್ತಿರಲಿಲ್ಲ. "ಪಾಪದ ಪ್ರಾಣಿ! ಆ ಜಿಪುಣ ಗಂಜಿ ತೋರ್ಸಿ ನೀರು ಕುಡಿಸ್ತಾನೆ ಅಂತ ಕಾಣುತ್ತೆ," ಎಂದು ಪಕ್ಕದ ಮನೆಯ ಮಿಸೆಸ್ ಕ್ರಾಬ್‌ಟ್ರೀ ಗೋಡೆಗೂ ಕೇಳುವಂತೆ ಹೇಳುತ್ತಿದ್ದಳು.

ಇವತ್ತು ಸಂಜೆ ಮಿಸ್ ಪಿಲಿಂಗ್ ಕೊನೆಯ ಪರೀಕ್ಷೆಗೆ ಬರುವವಳಿದ್ದಳು. "ಹೇಗೂ ನಿಮ್ಮ ಕಡೆ ಒಂದು ಸಾವಿಗೆ ಬರೋದಿದೆ, ಅದು ಮುಗಿಸಿ ಬರ್ತೀನಿ," ಎಂದು ಫೋನಿನಲ್ಲಿ ಹೇಳಿದ್ದಳು.

ಅವಳು ಸಾವು ಎಂದದ್ದು ನೆನಪಾಗುತ್ತಲೇ ಕ್ಲಿಫರ್ಡ್ ಕೈಗೆತ್ತಿಕೊಂಡಿದ್ದ ಹ್ಯಾಮ್ ಭಾರವಾಯಿತು. ಎದುರು ಸಾಲಿನ ಪರ್ಸಿ ಹಾವರ್ತ್ ತೀರಿಕೊಂಡಿದ್ದ. ಇವತ್ತೇ ಮಣ್ಣು. ನಮ್ಮ ಲ್ಯಾಂಕಾಶೈರಿನ ಕಡೆ ಸತ್ತವರಿಗೆ ಸ್ವರ್ಗ ಸಿಕ್ಕಿತೇ ಎನ್ನುವುದು ಎರಡನೆಯ ಮಾತು, ಬಂದವರಿಗೆ ಹ್ಯಾಮ್ ಸಿಕ್ಕಿತೇ ಎನ್ನುವುದು ಮೊದಲನೆಯದು. ಮಣ್ಣು ಮಾಡಿ ಬಂದವರ ಚಹಾಕ್ಕೆ ಇಡೀ ಹ್ಯಾಮ್ ಇಡಲಾಗದ ವಿಧವೆ ಮತ್ತೆ ತಲೆ ಎತ್ತಿ ಓಡಾಡಲಾರಳು. ಇಂಥ ದಿನ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲಿ ಇಡೀ ಹ್ಯಾಮ್ ಇದ್ದೀತು?

"ಗಂಡನ್ನ ಕಳ್ಕೊಂಡ ಹೆಂಗಸಿನ ಅಡಿಗೆಮನೆಗೆ ನುಗ್ಗಿದ್ಯಲ್ಲೋ," ಎಂದ ಕ್ಲಿಫರ್ಡ್. ನಾರ್ಮನ್ ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದ.

ಹೋಗಿ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಕಳ್ಳನಾಯಿ ಎಂಬ ಹೆಸರು ಮಿಸ್ ಪಿಲಿಂಗ್ ಬರುವಷ್ಟರಲ್ಲಿ ಬೀದಿಯ ತುದಿ ಮುಟ್ಟಿರುತ್ತದೆ. ಕ್ಲಿಫರ್ಡ್ ತಿಂದುಳಿದ ಹ್ಯಾಮನ್ನು ಇದ್ದಿಲ ಗೂಡಿನಲ್ಲಿ ಬಚ್ಚಿಟ್ಟ. ಮಣ್ಣಿಗೆಂದು ಆಗಲೇ ಕಟ್ಟಿದ್ದ ಕಪ್ಪು ಟೈ ಸರಿಮಾಡಿಕೊಂಡು ಮಾಂಸದಂಗಡಿಗೆ ಓಡಿದ.

ಅಂಗಡಿಯಲ್ಲಿ ಹೆಂಗಸರ ಸಾಲಿತ್ತು. "ಒಂದು ಹ್ಯಾಮ್. ಇಡೀದು," ಎಂದು ಕ್ಲಿಫರ್ಡ್ ಮೆಲ್ಲನೆ ಹೇಳಿದ.

ಅಂಗಡಿಯ ಲೋಮ್ಯಾಕ್ಸ್ ಕತ್ತಿ ಕೆಳಗಿಟ್ಟ. ಕಪ್ಪು ಟೈ ನೋಡಿದ. ಟೋಪಿ ತೆಗೆದ.

"ಇಡೀದಾ? ಅಯ್ಯೋ, ಯಾರು ಹೋದ್ರು ಕ್ಲಿಫರ್ಡ್?"

ಸಾಲು ಪೂರ್ತಿ ಅವನತ್ತ ತಿರುಗಿತು. ಅದರಲ್ಲಿ ಮಿಸೆಸ್ ಕ್ರಾಬ್‌ಟ್ರೀಯ ಮುಖವೂ ಇತ್ತು. ಒಂಟಿ ಗಂಡಸು ಇಡೀ ಹ್ಯಾಮ್ ಕೊಂಡರೆ ಮನೆಯಲ್ಲೊಂದು ಹೆಣ ಇರಲೇಬೇಕು. ಕ್ಲಿಫರ್ಡನಿಗೆ ಲೋಕದಲ್ಲಿ ಉಳಿದಿದ್ದ ಸಂಬಂಧ ಒಂದೇ ಒಂದು.

"ಚಿಕ್ಕಮ್ಮ," ಎಂದುಬಿಟ್ಟ. "ಸೌತ್‌ಪೋರ್ಟಿನ ಏಡಾ ಚಿಕ್ಕಮ್ಮ."

"ಏಡಾನಾ!" ಮಿಸೆಸ್ ಕ್ರಾಬ್‌ಟ್ರೀ ಎದೆ ಮುಟ್ಟಿಕೊಂಡಳು. "ಪ್ರತಿ ಕ್ರಿಸ್‌ಮಸ್ಸಿಗೂ ನಂಗೆ ಕಾರ್ಡ್ ಕಳಿಸ್ತಿದ್ರು. ಹೋದ ವರ್ಷ ಎಷ್ಟು ಗಟ್ಟಿಮುಟ್ಟಾಗಿದ್ರು! ಏನಾಗಿತ್ತಪ್ಪಾ?"

"ಇದ್ದಕ್ಕಿದ್ದ ಹಾಗೆ," ಎಂದ ಕ್ಲಿಫರ್ಡ್. ಅದೊಂದು ನಿಜ.

ಲೋಮ್ಯಾಕ್ಸ್ ಇದ್ದುದರಲ್ಲಿ ಒಳ್ಳೆಯ ಹ್ಯಾಮ್ ಆರಿಸಿ, ಜೊತೆಗೆ ಒಂದು ಕಟ್ಟು ಸಾಸೇಜು ಸುತ್ತಿ, ಬೇಡವೆಂದರೂ ಚೀಲಕ್ಕೆ ತುರುಕಿದ. ಮುಂದೆ ನಿಂತಿದ್ದ ಮುದುಕಿ ಅವನ ಕೈ ಹಿಡಿದು ಸವರಿದಳು. ಯಾರಾದರೂ ಬೈದಿದ್ದರೆ ಕ್ಲಿಫರ್ಡ್ ಸಹಿಸಿಕೊಳ್ಳುತ್ತಿದ್ದ. ಆ ಸವರುವಿಕೆಗೆ ಅವನ ಕಿವಿ ಕಾದ ಹೆಂಚಾಯಿತು.

"ನೀನು ಇವತ್ತು ಪರ್ಸಿ ಮಣ್ಣಿಗೆ ಬರ್ಬೇಡಪ್ಪ," ಎಂದಳು ಮಿಸೆಸ್ ಕ್ರಾಬ್‌ಟ್ರೀ ಕಣ್ಣೊರೆಸಿಕೊಳ್ಳುತ್ತ. "ನಿನ್ನ ದುಃಖವೇ ನಿಂಗೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮಿಕ್ಕಿದ್ದು ಏನು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಹಾವರ್ತರ ಮನೆಯವರೆಲ್ಲ ಚರ್ಚಿಗೆ ಹೊರಟ ಮೇಲೆ ಹ್ಯಾಮನ್ನು ಅಡಿಗೆಮನೆಯಲ್ಲಿಟ್ಟು ಬರುವುದು ಅವನ ಉಪಾಯ. ಅಲ್ಮಾ ಬೀದಿಯಲ್ಲಿ ಯಾರೂ ಬೀಗ ಹಾಕುವುದಿಲ್ಲ. ಹೆಣ ಹೊರಡುವ ಹೊತ್ತಿಗೆ ಎಲ್ಲ ಮನೆಗಳ ಪರದೆ ಎಳೆದಿರುತ್ತದೆ. ಸಂದಿಯಿಂದ ಇಣುಕುವವರನ್ನು ಬಿಟ್ಟರೆ ನೋಡುವವರಿಲ್ಲ. ನಾರ್ಮನನನ್ನು ಒಬ್ಬನೇ ಬಿಟ್ಟರೆ ಊಳಿಟ್ಟು ಬೀದಿಯನ್ನೇ ಕರೆಯುತ್ತಾನೆಂದು ಅವನನ್ನೂ ಕರೆದುಕೊಂಡ. ಹ್ಯಾಮನ್ನು ಕೋಟಿನೊಳಗೆ ಎದೆಗವಚಿಕೊಂಡು, ಹೊತ್ತಾಯಿತೆಂದು ಎಣಿಸಿ ಹೊರಟ.

ಬೀದಿಯ ನಟ್ಟನಡುವೆ ನಾರ್ಮನ್ ನಿಂತುಬಿಟ್ಟ.

ಗ್ರೇಹೌಂಡ್ ಸಾಕಿದವರಿಗೆ ಇದು ಗೊತ್ತು. ನಡೆಯುತ್ತ ನಡೆಯುತ್ತ ಏನೋ ನೆನಪಾದಂತೆ ಕಲ್ಲಾಗಿಬಿಡುತ್ತವೆ. ಎಳೆದರೂ ಇಲ್ಲ, ರಮಿಸಿದರೂ ಇಲ್ಲ.

"ಬಾರೋ, ನನ್ನಪ್ಪನಲ್ವಾ," ಎಂದ ಕ್ಲಿಫರ್ಡ್. "ಮರ್ಯಾದೆ ಪ್ರಶ್ನೆ ಕಣೋ."

ಆಗ ಮೂಲೆಯಿಂದ ಕಪ್ಪು ಗಾಡಿ ತಿರುಗಿತು. ಹಾವರ್ತರ ಮನೆಯ ಮುಂದಿನಿಂದ ತಡವಾಗಿ ಹೊರಟಿದ್ದ ಮೆರವಣಿಗೆ ಪರ್ಸಿಗೆ ಊರು ತೋರಿಸಲೆಂದು ಒಂದು ಸುತ್ತು ಬಳಸಿ ಮತ್ತೆ ಇದೇ ಬೀದಿಗೆ ಬಂದಿತ್ತು. ಮುಂದೆ ಎತ್ತರದ ಟೋಪಿ ಹಾಕಿದ ಶವಯಾತ್ರೆಯ ಮುಖ್ಯಸ್ಥ ನಡೆದು ಬರುತ್ತಿದ್ದ, ಹಿಂದೆ ಹೆಣದ ಪೆಟ್ಟಿಗೆ, ಅದರ ಹಿಂದೆ ಕಾರುಗಳು. ಎಲ್ಲವೂ ನಾರ್ಮನನ ಮೂಗಿನ ಮುಂದೆ ನಿಂತವು.

ಕ್ಲಿಫರ್ಡ್ ಒಂದು ಕೈಯಲ್ಲಿ ಟೋಪಿ ತೆಗೆದ. ಇನ್ನೊಂದು ಕೈ ಹ್ಯಾಮ್ ಜಾರದಂತೆ ಎದೆಯನ್ನು ಒತ್ತಿಕೊಂಡಿತ್ತು. ತಲೆ ತಗ್ಗಿಸಿದ, ಆ ಹೊತ್ತಿಗೆ ತಗ್ಗಿಸದೆ ಬೇರೆ ದಾರಿಯೂ ಇರಲಿಲ್ಲ.

"ನೋಡ್ರೇ," ಕಾರಿನೊಳಗಿಂದ ಮಿಸೆಸ್ ಕ್ರಾಬ್‌ಟ್ರೀಯ ದನಿ ಕೇಳಿಸಿತು, "ಚಿಕ್ಕಮ್ಮ ಸತ್ತ ದಿನವೂ ಎದೆ ಹಿಡ್ಕೊಂಡು ಬಂದು ನಿಂತಿದಾನೆ. ನಾಯಿಗೂ ದುಃಖ ತಿಳಿಯುತ್ತೆ. ಇವನ ಬಗ್ಗೆ ನಾವು ಏನೇನೋ ಅಂದ್ವಲ್ಲ!"

ಟೋಪಿಯ ಮುಖ್ಯಸ್ಥ ಗಂಭೀರವಾಗಿ ಬಗ್ಗಿ, ನಾರ್ಮನನ ಹಿಂಭಾಗವನ್ನು ಎರಡೂ ಕೈಯಿಂದ ಎತ್ತಿ, ಮೇಜು ಸರಿಸುವಂತೆ ಬದಿಗೆ ಸರಿಸಿದ. ಪರ್ಸಿ ಹಾವರ್ತ್ ಮುಂದೆ ಸಾಗಿದ.

ಹಾವರ್ತರ ಅಡಿಗೆಮನೆ ಹೊಕ್ಕ ಕ್ಲಿಫರ್ಡ್ ಬಾಗಿಲಲ್ಲೇ ನಿಂತ. ಬಿಳಿ ಹಾಸಿದ ಮೇಜಿನ ನಡುವೆ ದೊಡ್ಡ ತಟ್ಟೆಯಲ್ಲಿ, ಸೊಪ್ಪಿನ ಅಲಂಕಾರದ ನಡುವೆ, ಹ್ಯಾಮ್ ಇತ್ತು. ಇಡೀ ಹ್ಯಾಮ್. ಒಂದು ಹಲ್ಲಿನ ಗುರುತೂ ಇಲ್ಲ.

"ನೀನಲ್ಲ!" ಎಂದು ಅವನು ನಾರ್ಮನನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದ. "ನೀನು ಕದ್ದಿಲ್ಲ. ನಾನೇ ಅನುಮಾನಪಟ್ಟೆ. ನಾಚಿಕೆಯಾಗ್ಬೇಕು ನಂಗೆ." ನಾರ್ಮನ್ ಅವನ ಕಾಲಿಗೆ ಒರಗಿದ. ಅವನ ಮೂಗು ಮೇಜಿನ ಮಟ್ಟಕ್ಕೇ ಇತ್ತು, ಆದರೂ ತಟ್ಟೆಯ ಕಡೆ ನೋಡಲಿಲ್ಲ. ಹೊಟ್ಟೆ ತುಂಬಿತ್ತು.

ಸಂತೋಷದಲ್ಲಿ ಕ್ಲಿಫರ್ಡ್ ಅಲ್ಲೇ ಕುರ್ಚಿಯಲ್ಲಿ ಕೂತು, ನಾಯಿಯ ತಲೆ ಸವರುತ್ತ, ಮಣ್ಣು ಮುಗಿಯುವಷ್ಟು ಹೊತ್ತು ಮೈಮರೆತ. ಆಮೇಲೆ, ಇನ್ನೊಂದು ಹ್ಯಾಮ್ ಇಲ್ಲಿಟ್ಟರೆ ಯಾರು ತಂದರು, ಯಾಕೆ ತಂದರು ಎಂದು ಬೀದಿ ಸಂಜೆಯವರೆಗೆ ಕೆದಕುತ್ತದೆಂದು ಹೊಳೆಯಿತು. ತನ್ನದನ್ನು ಮತ್ತೆ ಕೋಟಿನೊಳಗೆ ತುರುಕಿಕೊಂಡು ಬಾಗಿಲು ತೆರೆದ.

ಚಹಾಕ್ಕೆ ನೀರಿಡಲು ಎಲ್ಲರಿಗಿಂತ ಮೊದಲು ಹಿಂತಿರುಗಿದ ಮಿಸೆಸ್ ಕ್ರಾಬ್‌ಟ್ರೀ ಎದುರಿಗಿದ್ದಳು. ಅವಳ ಪಕ್ಕದಲ್ಲಿ ಕಪ್ಪು ಹ್ಯಾಟು ಹಾಕಿಕೊಂಡು ಮಿಸ್ ಪಿಲಿಂಗ್ ನಿಂತಿದ್ದಳು.

"ಮಿಸ್ಟರ್ ಹೋಲ್ಡನ್? ನಮ್ಮ ಪರ್ಸಿ ಮಾವನ ಮನೇಲಿ ನೀವೇನ್ ಮಾಡ್ತಿದೀರಿ?"

ಕ್ಲಿಫರ್ಡ್ ಟೋಪಿ ತೆಗೆಯಲು ಕೈ ಎತ್ತಿದ. ತಪ್ಪಾದದ್ದು ಅಲ್ಲೇ. ಹ್ಯಾಮ್ ಕೋಟಿನಿಂದ ಜಾರಿ, ಮೆಟ್ಟಿಲ ಮೇಲೆ ದೊಪ್ಪೆಂದು ಬಿದ್ದು, ಉರುಳಿ ಹೋಗಿ ಮಿಸ್ ಪಿಲಿಂಗಳ ಬೂಟಿಗೆ ತಾಗಿ ನಿಂತಿತು.

"ಸತ್ತೋರ ಮನೆ ಹ್ಯಾಮು!" ಎಂದು ಕಿರುಚಿದಳು ಮಿಸೆಸ್ ಕ್ರಾಬ್‌ಟ್ರೀ.

ಅಷ್ಟರಲ್ಲಿ ಕಾರುಗಳೂ ಬಂದವು. ವಿಧವೆ ನೆಲ್ಲಿ ಹಾವರ್ತ್ ಇಳಿದಳು, ಬೀದಿಗೆ ಬೀದಿಯೇ ಇಳಿಯಿತು. ಕ್ಲಿಫರ್ಡ್ ಎಲ್ಲರ ಮುಂದೆ, ನೆಲ ನೋಡುತ್ತ, ಹ್ಯಾಮ್ ಬಾಯಲ್ಲಿ ಬಂದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಿಂದಿದ್ದವರು ಮುಂದಿದ್ದವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.

"ನಿಮ್ಮ ನಾಯಿನ ಕಳ್ಳ ಅಂದ್ಕೊಂಡೆ ನೆಲ್ಲಿ, ನಿಮ್ಮ ದುಃಖದ ದಿನ," ಎಂದು ಮುಗಿಸಿದ. "ಅಲ್ಲ, ನನ್ನ ನಾಯಿನ. ಕ್ಷಮಿಸಿ. ನಂಗೆ ಮಾತೇ ಬರ್ತಿಲ್ಲ."

ಹಿಂದಿನಿಂದ ಒಂದು ಕೆಮ್ಮು ಕೇಳಿತು. ಮೂಲೆ ಮನೆಯ ಫ್ರೆಡ್ ಆಗ್ಡನ್. "ಆ ಹ್ಯಾಮ್ ನಂದು. ಕ್ಲಬ್ಬಿನ ಲಾಟರೀಲಿ ಬಂದಿತ್ತು. ಡಾಕ್ಟ್ರು ಉಪ್ಪು ತಿನ್ಬೇಡ ಅಂದಿದಾರೆ. ನಾಯಿ ಪಕ್ಕೆ ಎಣಿಸೋ ಹಾಗಿತ್ತು, ಹಾಗಾಗಿ ಬೆಳಿಗ್ಗೆ ಗೋಡೆ ಮೇಲಿಂದ ದಾಟಿಸಿದೆ. ತಪ್ಪಾಯ್ತು ಮಾರಾಯ."

"ನಾನು ದಿನಾ ಒಂದು ಬಟ್ಟಲು ಗಂಜಿ ಇಡ್ತೀನಿ," ಎಂದಿತು ಒಂದು ದನಿ. "ನಾನು ಬರೀ ಲಿವರು," ಎಂದಿತು ಇನ್ನೊಂದು. ಮಿಸೆಸ್ ಕ್ರಾಬ್‌ಟ್ರೀ ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಳ್ಳುವವಳಂತೆ ಕೋಟಿನ ಅಂಚು ಎಳೆದುಕೊಂಡು, "ಪಾಯಸದ ಪಾತ್ರೆ ನೆಕ್ಕೋಕೆ ಕೊಟ್ರೆ ಅದೂ ತಪ್ಪಾ?" ಎಂದಳು.

ನೆಲ್ಲಿ ಹಾವರ್ತ್ ಬಗ್ಗಿ ನಾರ್ಮನನ ಉದ್ದ ಮೂಗನ್ನು ಸವರಿದಳು. "ನಮ್ಮ ಪರ್ಸಿ ಹಾಸಿಗೆ ಹಿಡಿಯೋವರೆಗೂ ಪ್ರತಿ ಬೆಳಿಗ್ಗೆ ಬಿಸ್ಕತ್ತನ್ನ ಚಹಾದಲ್ಲಿ ಅದ್ದಿ ಇವನಿಗೆ ತಿನ್ನಿಸ್ತಿದ್ರು. ಯಾರಿಗೂ ಹೇಳ್ಬೇಡ ಅಂದಿದ್ರು." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ನಗು ಬಂದುಬಿಟ್ಟಿತು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. "ಒಳಗೆ ಬಾ ಕ್ಲಿಫರ್ಡ್. ನಿನ್ನ ಹ್ಯಾಮನ್ನೂ ತಗೊಂಡು ಬಾ. ಎರಡು ಹ್ಯಾಮಿನ ಸಾವು ಈ ಬೀದೀಲಿ ಯಾರದ್ದೂ ಆಗಿರ್ಲಿಲ್ಲ. ಪರ್ಸಿ ಇದ್ದಿದ್ರೆ ಎದೆಯುಬ್ಬಿಸ್ತಿದ್ರು."

"ಹಾಗಾದ್ರೆ," ಮಿಸೆಸ್ ಕ್ರಾಬ್‌ಟ್ರೀ ಒಳಗೆ ಹೋಗುತ್ತ ತಡೆದು ಕೇಳಿದಳು, "ನಿಮ್ಮ ಏಡಾ ಚಿಕ್ಕಮ್ಮ?"

"ಚೆನ್ನಾಗಿದಾರೆ," ಎಂದ ಕ್ಲಿಫರ್ಡ್ ಇನ್ನಷ್ಟು ಕೆಂಪಾಗಿ.

ಮಿಸೆಸ್ ಕ್ರಾಬ್‌ಟ್ರೀ "ಅಯ್ಯೋ" ಎಂದು ಹತ್ತಿರದ ಕುರ್ಚಿಯಲ್ಲಿ ಕುಸಿದಳು. ಚಹಾದ ಗಡಿಬಿಡಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಸಂಜೆ ಮಿಸ್ ಪಿಲಿಂಗ್ ಕ್ಲಿಫರ್ಡನ ಮನೆಗೆ ಬಂದಳು. ನಾರ್ಮನನನ್ನು ತೂಗಿ ನಿಟ್ಟುಸಿರಿಟ್ಟಳು. ನಾರ್ಮನ್ ನೇರವಾಗಿ ಹೋಗಿ ಕ್ಲಿಫರ್ಡನ ಕಾಲಿಗೆ ಒರಗಿ ಕಣ್ಣು ಮುಚ್ಚಿದ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಇವನನ್ನ ಕೆಡಿಸಿದ್ದು ನೀವಲ್ಲ, ನಿಮ್ಮ ಬೀದಿ," ಎಂದಳು. "ಹೊರಗೆ ಹೋಗೋವಾಗ ಬಾಯಿಗೆ ಕುಕ್ಕೆ ಹಾಕಿ. ಕದಿಯೋ ಬುದ್ಧಿ ಇಲ್ಲ, ಬೆಕ್ಕಂತೂ ಮನೇಲಿಲ್ಲ. ಇವತ್ತಿಂದ ಇವನು ನಿಮ್ಮವನು, ಮಿಸ್ಟರ್ ಹೋಲ್ಡನ್."

ಕ್ಲಿಫರ್ಡನ ಕಣ್ಣು ತುಂಬಿತು. ನಾರ್ಮನ್ ಸೋಫಾಕ್ಕೆ ಮರಳಿದ, ಮಿಸ್ ಪಿಲಿಂಗ್ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು. ಫೋನು ಬಡಿದುಕೊಂಡಿತು.

ಏಡಾ ಚಿಕ್ಕಮ್ಮನಿಗೆ ಫೋನಿನ ಅಗತ್ಯವಿರಲಿಲ್ಲ. ಸೌತ್‌ಪೋರ್ಟಿನಿಂದ ಸುಮ್ಮನೆ ಕೂಗಿದ್ದರೂ ಕೇಳಿಸುತ್ತಿತ್ತು.

"ಕ್ಲಿಫರ್ಡ್! ನಮ್ಮನೆ ಬಾಗಿಲಿಗೆ ಬಂಡಿ ಚಕ್ರದಷ್ಟು ದೊಡ್ಡ ಹೂವಿನ ಹಾರ ಬಂದಿದೆ! ಅದರ ಮೇಲೆ, 'ಏಡಾ ಆತ್ಮಕ್ಕೆ ಶಾಂತಿ ಸಿಗಲಿ, ಮಿಸೆಸ್ ಕ್ರಾಬ್‌ಟ್ರೀ' ಅಂತ! ನಾನೇ ಸಹಿ ಹಾಕಿ ತಗೊಂಡೆ! ನಾನು ಸತ್ತೆ ಅಂತ ಊರಿಗೆಲ್ಲ ಸಾರಿದ್ದು ನೀನೇ ಅಲ್ವೇನೋ?"

"ಚಿಕ್ಕಮ್ಮ, ಅದು ಹ್ಯಾಮ್..."

"ಹ್ಯಾಮ್ ಬೇರೆ ತಿಂದ್ರಾ! ನಾಳೆ ಬೆಳಗಿನ ರೈಲಿಗೇ ಬರ್ತೀನಿ. ಬದುಕಿದೀನಿ ಅಂತ ಆ ಬೀದೀಲಿ ಪ್ರತಿ ಬಾಗಿಲಿಗೂ ಹೋಗಿ ತೋರಿಸ್ತೀನಿ. ಬೇಸಿಗೆ ಮುಗಿಯೋವರೆಗೂ ಅಲ್ಲೇ ಇರ್ತೀನಿ. ಬೇಡ ಅನ್ನೋ ಮುಖ ಇದೆಯೇನೋ ನಿಂಗೆ?"

ಆ ಮುಖ ಅವನಿಗಿರಲಿಲ್ಲ. "ಬನ್ನಿ ಚಿಕ್ಕಮ್ಮ," ಎಂದ.

"ಸರಿ. ನನ್ನ ಬೆಕ್ಕು ಪುಟ್ಟಿಗೂ ಅವಳ ಮೂರು ಮರಿಗಳಿಗೂ ಹಾಲು ತಂದಿಟ್ಟಿರು."

ಮಿಸ್ ಪಿಲಿಂಗಳ ಕೈ ಕೊನೆಯ ಗುಂಡಿಯ ಮೇಲೆ ನಿಂತಿತು. ಅವಳು ಸೋಫಾದತ್ತ ನೋಡಿದಳು. ಅಂಗಾತ ಬಿದ್ದು ಕಾಲೆತ್ತಿದ್ದ ನಾರ್ಮನ್, ಕನಸಿನಲ್ಲಿ ಏನನ್ನೋ ಕಂಡವನಂತೆ, ನಾಲ್ಕೂ ಕಾಲುಗಳಲ್ಲಿ ಗಾಳಿಯನ್ನು ತುಳಿಯುತ್ತ ಓಡತೊಡಗಿದ್ದ.

ಅವಳು ಹಾಕಿದ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದಳು.

"ಕೂತ್ಕೊಳ್ಳಿ, ಮಿಸ್ಟರ್ ಹೋಲ್ಡನ್," ಎಂದಳು. "ಪರೀಕ್ಷೆ ಮತ್ತೆ ಮೊದಲಿಂದ ಶುರು ಮಾಡೋಣ."